ಆನ್‌ಳ ತಂದೆಯ ಉಯಿಲು

ನಾವಿರುವ ಹೆಂಡರ್ಸನ್ ಎಂಬ ಊರಿನಲ್ಲಿ ಪಕ್ಕದ ಮನೆಯ ಡೋರೀನ್ ಆಂಟಿ ಇಂಗ್ಲೆಂಡಿನ ತಮ್ಮ ಪೂರ್ವಿಕರನ್ನು ಹುಡುಕುತ್ತಿದ್ದರು. ಅವರಲ್ಲಿ ಆನ್ ಎಂಬ ಹುಡುಗಿ ಹುಟ್ಟಿದ್ದು ಚರ್ಚಿನ ಪುಸ್ತಕದಲ್ಲಿತ್ತು. ಅವಳ ಮದುವೆಯಾಗಲಿ ಸಾವಾಗಲಿ ಎಲ್ಲೂ ದಾಖಲಾಗಿರಲಿಲ್ಲ. ಹೋದ ಫೆಬ್ರವರಿಯ ಒಂದು ಮಧ್ಯಾಹ್ನ, ಅವಳ ತಂದೆ 1742ರಲ್ಲಿ ಬರೆಸಿದ ಉಯಿಲಿನ ಪ್ರತಿಯನ್ನು ಆಂಟಿ ಓದುತ್ತಿದ್ದರು, ನಾನು ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುತ್ತಿದ್ದೆ.

ಎರಡು ಪುಟ ಮುಗಿಯುವ ಹೊತ್ತಿಗೆ, ಹೊರಗೆ ಬಿಸಿಲಿದ್ದರೂ ಕೋಣೆ ತಣ್ಣಗಾಯಿತು. ಒದ್ದೆ ಉಣ್ಣೆಯ ವಾಸನೆ ಬಂತು. ಆಂಟಿಯ ದನಿ ಗೊಗ್ಗರಾಗಿ, ಒಂದೊಂದು ಸಾಲನ್ನೂ ಎರಡೆರಡು ಸಲ ಹೇಳತೊಡಗಿತು. ನಾನು ತಲೆಯೆತ್ತದೆ ಟೈಪ್ ಮಾಡಿದೆ: "ಆನ್‌ಗೆ ಏನನ್ನೂ ಬಿಟ್ಟಿಲ್ಲ. ಅವಳು ಬಾವಿಯ ಹತ್ತಿರ ಇದ್ದಾಳೆ."

ಅಷ್ಟರಲ್ಲಿ ಆಂಟಿ ಅಡುಗೆಮನೆಯಿಂದ ಟೀ ಹಿಡಿದು ಬಂದರು.

"ಫರ್ಹಾನಾ, ನಾನು ಆಗಲೇ ಓದಿ ಮುಗಿಸಿದ್ನಲ್ಲ. ಇನ್ನೂ ಏನು ಟೈಪ್ ಮಾಡ್ತಿದ್ದೀಯ?"

"ನೀವೇ ಹೇಳ್ತಿದ್ರಲ್ಲ ಆಂಟಿ."

ಅವರು ಪರದೆಯ ಮೇಲಿದ್ದುದನ್ನು ಓದಿ, ಟೀ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

ಮರುದಿನ ಇಂಗ್ಲೆಂಡಿನ ದಾಖಲೆ ಕಚೇರಿಗೆ ಇಮೇಲ್ ಮಾಡಿದೆವು. ಮೂಲ ಉಯಿಲಿನಲ್ಲೂ ಎರಡೇ ಪುಟಗಳಿವೆ, ಎರಡನೆಯದರ ಕೆಳಗೇ ಸಹಿಯಾಗಿದೆ ಎಂದು ಉತ್ತರ ಬಂತು. ನಾನು ಟೈಪ್ ಮಾಡಿದ ಮೂರನೇ ಪುಟವನ್ನು ಅಳಿಸಲು ಆಂಟಿ ಈವತ್ತಿಗೂ ಬಿಟ್ಟಿಲ್ಲ.