ಹನ್ನೊಂದು ಕಲ್ಲಿನ ಗೋಪುರ

"ಹನ್ನೊಂದು! ಎಣಿಸಿ ನೋಡೋ, ಹನ್ನೊಂದು ಕಲ್ಲು!"

ಡೆಲ್ಫೀನಾ ಉಸಿರು ಬಿಗಿಹಿಡಿದು ಹಿಂದೆ ಸರಿದಳು. ಅವಳ ಗೋಪುರ ಅಲ್ಲಾಡಲೇ ಇಲ್ಲ. ಅಣ್ಣ ಅಮಾಡೊನದು ಏಳನೇ ಕಲ್ಲಿಗೇ ದೊಪ್ಪೆಂದು ಬಿದ್ದಿತ್ತು.

"ಗಾಳಿ ಬಂತು ಕಣೇ," ಅಂದ ಅಮಾಡೊ.

"ಗಾಳಿ ನಿನ್ನ ಹತ್ರ ಮಾತ್ರ ಬರುತ್ತಾ? ಸೋತೆ ಅಂತ ಒಪ್ಕೊ!"

ನ್ಯೂ ಮೆಕ್ಸಿಕೋದ ಮನೆಯಿಂದ ಹೊರಟು ನಾಲ್ಕು ದಿನವಾಗಿತ್ತು. ಇದು ಮೂರನೇ ನ್ಯಾಷನಲ್ ಪಾರ್ಕು. ನೋಡಿದ್ದೆಲ್ಲ ಕೆಂಪು ಬಂಡೆ, ಆಮೇಲೆ ಇನ್ನೊಂದು ಕೆಂಪು ಬಂಡೆ, ನಡುವೆ ಪೆಟ್ರೋಲ್ ಬಂಕಿನ ಐಸ್‌ಕ್ರೀಮ್. ವ್ಯಾನಿನ ಏಸಿ ಎರಡನೇ ದಿನವೇ ಕೈಕೊಟ್ಟಿತ್ತು. ಸುಖವಾಗಿದ್ದವರು ತಾತ ಒಬ್ಬರೇ. ಹೊರರಾಜ್ಯದ ಊಟವನ್ನು ಅವರು ನಂಬುವುದಿಲ್ಲ. ಸುಟ್ಟ ಹಸಿರು ಮೆಣಸಿನಕಾಯಿಯ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. "ಯೂಟಾದವರಿಗೆ ಖಾರ ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಪಾಪ," ಎಂದು ಹೋಟೆಲಿನವರ ಎದುರೇ ಹೇಳಿ ಅಮ್ಮನಿಂದ ಬೈಸಿಕೊಂಡಿದ್ದರು.

ಇವತ್ತು ಅಮ್ಮನ ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದಿತ್ತು. ಅವಳು ಜೂನಿಪರ್ ಮರದ ಕೆಳಗೆ ಬೂಟು ಬಿಚ್ಚಿ ಕೂತುಬಿಟ್ಟಳು. "ಹಾಗಾದ್ರೆ ನಾನೊಬ್ಬನೇ ಆ ಬಂಡೆ ಕಮಾನು ನೋಡ್ಕೊಂಡು ಬರ್ತೀನಿ," ಎಂದು ತಾತ ತಮ್ಮ ನೀರಿನ ಬಾಟಲಿಯನ್ನು ಡೆಲ್ಫೀನಾಳ ಕೈಗೆ ಕೊಟ್ಟಿದ್ದರು. "ಇದನ್ನ ಹಿಡ್ಕೊ ಪುಟ್ಟಿ. ಅರ್ಧ ಗಂಟೆ ಅಷ್ಟೆ. ನನ್ನ ಬರಿಟೊ ತಿಂದುಬಿಟ್ಟೀಯ, ಜೋಕೆ!"

ಮಕ್ಕಳಿಬ್ಬರೂ ಮರದ ಕೆಳಗೆ ಬಂದು ತಮ್ಮ ಬರಿಟೊ ತಿಂದರು. ಯಾರ ಗೋಪುರ ಚೆಂದ ಎಂದು ಜಗಳವಾಡಿದರು. ತಾತನ ಬರಿಟೊ ಹಾಗೇ ಇತ್ತು. ಒಂದೂವರೆ ಗಂಟೆಯಾದರೂ ತಾತ ಬರಲಿಲ್ಲ.

ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಮೊಬೈಲಿನಲ್ಲಿ ಮ್ಯಾಪ್ ನೋಡುತ್ತ ಮೇಲಿನಿಂದ ಇಳಿದು ಬಂದರು. ಅಮ್ಮ ಅವರನ್ನು ತಡೆದು ಕೇಳಿದಳು.

"ಬಿಳಿ ಮೀಸೆಯವರಾ? ಅವರು ನಮಗಿಂತ ಎಷ್ಟೋ ಮುಂಚೆ ಇಳಿದರಲ್ಲ!"

ಅಮ್ಮನ ಮುಖ ಬಿಳಿಚಿತು. "ಎಲ್ಲಿಗೆ ಹೋದ್ರು ಮತ್ತೆ? ದಾರಿ ತಪ್ಪೋಕೆ ಹೇಗೆ ಸಾಧ್ಯ? ಕಲ್ಲಿನ ಗುಡ್ಡೆ ನೋಡ್ಕೊಂಡು ಬಂದ್ರೆ ಸಾಕಲ್ಲ!"

ಅಲ್ಲಿ ಮಣ್ಣಿನ ದಾರಿಯಿಲ್ಲ. ಬರಿಬಂಡೆಯ ಮೇಲೆ ಹೆಜ್ಜೆ ಗುರುತು ಮೂಡುವುದಿಲ್ಲ. ಅದಕ್ಕೇ ಪಾರ್ಕಿನ ರೇಂಜರ್‌ಗಳು ಅಲ್ಲಲ್ಲಿ ಮೂರು ನಾಲ್ಕು ಕಲ್ಲು ಪೇರಿಸಿ ಇಟ್ಟಿರುತ್ತಾರೆ. ಒಂದು ಗುಡ್ಡೆಯ ಹತ್ತಿರ ನಿಂತರೆ ಮುಂದಿನ ಗುಡ್ಡೆ ಕಾಣುತ್ತದೆ.

ಡೆಲ್ಫೀನಾ ತಟ್ಟನೆ ಎದ್ದು ನಿಂತಳು.

ಅವಳು ಮೊದಲ ಗೋಪುರ ಕಟ್ಟಿದ್ದು ರೇಂಜರ್ ಗುಡ್ಡೆಯ ಪಕ್ಕದಲ್ಲೇ. ಚಪ್ಪಟೆ ಕಲ್ಲು ಅಲ್ಲೇ ಸಿಕ್ಕಿದ್ದವು. ಆಮೇಲೆ ಒಂದಕ್ಕಿಂತ ಒಂದು ಎತ್ತರವಾಗಿ, ಸಾಲಾಗಿ, ಒಟ್ಟು ಒಂಬತ್ತು ಕಟ್ಟಿದ್ದಳು. ಆ ಸಾಲು ದೊಡ್ಡ ಬಂಡೆಯೊಂದರ ಹಿಂದೆ, ಕೆಳಗಿನ ಒಣ ಹಳ್ಳದವರೆಗೂ ಇಳಿದಿತ್ತು. ಬೆಳಿಗ್ಗೆ ರೇಂಜರಮ್ಮ ಮ್ಯಾಪ್ ಕೊಡುವಾಗ ಕಲ್ಲಿನ ವಿಷಯ ಏನೋ ಹೇಳಿದ್ದರು. ಆಗ ಡೆಲ್ಫೀನಾ ತನ್ನ ಪಾರ್ಕ್ ಪುಸ್ತಕಕ್ಕೆ ಈ ಪಾರ್ಕಿನ ಸೀಲು ಒತ್ತುತ್ತಿದ್ದಳು. ಅದೂ ತಲೆಕೆಳಗಾಗಿ ಬಿದ್ದಿತ್ತು.

ಕೈಯಲ್ಲಿ ತಾತನ ಬಾಟಲಿ ತುಂಬಿಯೇ ಇತ್ತು. ನೆರಳಿನಾಚೆ ಸುಡುಬಿಸಿಲು. ಅಮಾಡೊ ಅವಳನ್ನೇ ನೋಡುತ್ತಿದ್ದ. ನಾಲ್ಕು ದಿನದಲ್ಲಿ ಮೊದಲ ಸಲ ಅವನು ಅವಳನ್ನು ರೇಗಿಸಲಿಲ್ಲ.

"ಅಮ್ಮಾ," ಅಂದಳು ಡೆಲ್ಫೀನಾ. "ಎಲ್ಲಾ ಗುಡ್ಡೆನೂ ರೇಂಜರ್ ಇಟ್ಟಿದ್ದಲ್ಲ. ಆ ಕಡೆ ಇಳಿಯೋದು... ನಾನು ಇಟ್ಟಿದ್ದು."

ಅಮ್ಮ ಬೈಯಲಿಲ್ಲ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಸಿಕ್ಕಿಸಿಕೊಂಡು ಎದ್ದಳು. "ತೋರಿಸು ನಡಿ."

ಡೆಲ್ಫೀನಾ ಓಡಿದಳು. ಒಂದು, ಎರಡು, ಮೂರು... ತಾನೇ ಕಟ್ಟಿದ ಗೋಪುರಗಳನ್ನು ದಾಟಿ ಓಡಿದಳು. ಕೊನೆಯದರ ಪಕ್ಕದಲ್ಲೇ, ಬಂಡೆಯ ಚೂರು ನೆರಳಿನಲ್ಲಿ, ತಾತ ಕಾಲು ಚಾಚಿ ಕೂತಿದ್ದರು. ತುಟಿ ಒಡೆದಿತ್ತು. ಅವಳು ಚಾಚಿದ ಬಾಟಲಿಯಲ್ಲಿ ಅರ್ಧವನ್ನು ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿಕೊಂಡರು.

"ಈ ಪಾರ್ಕಿನ ರೇಂಜರ್ ಭಾರಿ ಗಟ್ಟಿಗರಪ್ಪ!" ಅಂದರು. "ಎಷ್ಟು ಚೆಂದ ಪೇರಿಸಿದಾರೆ ನೋಡಿ! ನಂಬ್ಕೊಂಡು ಇಳಿದೇ ಇಳಿದೆ. ಇಳಿದು ನೋಡಿದ್ರೆ ಮುಂದೆ ದಾರಿನೇ ಇಲ್ಲ. ವಾಪಸ್ ಹತ್ತೋಣ ಅಂದ್ರೆ ಈ ಮೊಣಕಾಲು ಆಗಲ್ಲ ಅಂತ ಹಟ ಹಿಡೀತು. ಕೂಗಿ ಕೂಗಿ ಗಂಟಲೂ ಹೋಯ್ತು."

ಡೆಲ್ಫೀನಾಳಿಗೆ ಅಳು ಬಂದುಬಿಟ್ಟಿತು. "ರೇಂಜರ್ ಅಲ್ಲ ತಾತ. ನಾನು."

ತಾತ ಗೋಪುರವನ್ನು ನೋಡಿದರು. ಅವಳನ್ನು ನೋಡಿದರು. "ನೀನಾ? ಎಷ್ಟು ಕಲ್ಲು?"

"ಹನ್ನೊಂದು."

"ಅಮಾಡೊಂದು?"

"ಏಳು. ಅದೂ ಬಿತ್ತು," ಅಂದ ಅಮಾಡೊ.

ತಾತ ನಕ್ಕೇಬಿಟ್ಟರು. ಅಮ್ಮ ಕಣ್ಣೊರೆಸಿಕೊಂಡು, "ನಗಬೇಡಪ್ಪ ನೀನು. ನನ್ನ ಜೀವ ಬಾಯಿಗೆ ಬಂದಿತ್ತು," ಅಂದಳು.

"ಇರು, ಫೋಟೊ ತೆಗೀತೀನಿ," ಅಮಾಡೊ ಮೊಬೈಲ್ ಹೊರತೆಗೆದ. "ಹನ್ನೊಂದು ಅಂದ್ರೆ ಸ್ಕೂಲಲ್ಲಿ ಯಾರೂ ನಂಬಲ್ಲ."

ಡೆಲ್ಫೀನಾ ಕಾಯಲಿಲ್ಲ. ಎರಡೂ ಕೈಯಿಂದ ಗೋಪುರವನ್ನು ತಳ್ಳಿದಳು. ಕಲ್ಲುಗಳು ಗಡಗಡನೆ ಉರುಳಿದವು. ಅಮ್ಮ, ಅಮಾಡೊ ಆಚೀಚೆ ಹಿಡಿದು ತಾತನನ್ನು ಮೇಲಕ್ಕೆ ಹತ್ತಿಸುತ್ತಿದ್ದರೆ, ಅವಳು ಉಳಿದ ಎಂಟನ್ನೂ ಕೆಡವಿ ಕಲ್ಲುಗಳನ್ನು ದೂರ ದೂರ ಎಸೆಯುತ್ತ ಬಂದಳು.

ಮೇಲೆ ಬಂದರೆ, ಸೊಟ್ಟಗೆ ಪೇರಿಸಿದ ನಾಲ್ಕು ಕಲ್ಲು. ತಾತ ನಿಂತರು. "ಇದು ನಿಂದೋ, ರೇಂಜರ್‌ದೋ?"

"ರೇಂಜರ್‌ದು ತಾತ."

ಎರಡನೇ ಗುಡ್ಡೆ ಬಂತು. "ಇದು?"

"ರೇಂಜರ್‌ದೇ." ಅಮಾಡೊ ಕಿಸಕ್ಕನೆ ನಕ್ಕ.

ಮೂರನೆಯದರ ಹತ್ತಿರ ತಾತ ಕೇಳಲಿಲ್ಲ. ನಾಲ್ಕನೆಯದರ ಹತ್ತಿರವೂ ಕೇಳಲಿಲ್ಲ. ಅವಳು ಹೋದ ಕಡೆಗೆ ಸುಮ್ಮನೆ ಬರುತ್ತಿದ್ದರು. ಅವರ ಬೂಟಿನ ಸದ್ದು ಅವಳ ಬೆನ್ನ ಹಿಂದೆಯೇ ಕೇಳುತ್ತಿತ್ತು.

ನಾಲ್ಕು ದಿನವೂ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಡೆಲ್ಫೀನಾ ಪ್ರತಿ ಗುಡ್ಡೆಯ ಹತ್ತಿರವೂ ನಿಂತಳು. ಮುಂದಿನ ಗುಡ್ಡೆ ಕಣ್ಣಿಗೆ ಬೀಳುವ ತನಕ ಕಾಲೆತ್ತಲಿಲ್ಲ.