ಕರಡಿಗೆಯೊಳಗಿನ ಗುಳಿಗೆ

ಕೂಡ್ಲಿಗಿಯ ಕಾಲೇಜು ಸಭಾಂಗಣದ ವೇದಿಕೆಯಲ್ಲಿ ತಜ್ಞರೆಲ್ಲ ಸಾಲಾಗಿ ಕೂತಿದ್ದರು. ಬೆನ್ನಹಿಂದಿನ ಬ್ಯಾನರಿನಲ್ಲಿ ‘ಆರೋಗ್ಯ ನೀತಿ, ಸಂಶೋಧನೆ, ಸಮಾಜ: ತಜ್ಞರ ಮಾತುಕತೆ’ ಎಂದಿತ್ತು. ಗೀತಾಂಜಲಿ ನೋಡುತ್ತಿದ್ದದ್ದು ಕೊನೆಯ ಕುರ್ಚಿಯನ್ನು ಮಾತ್ರ.

ಅಲ್ಲಿ ಕ್ರಾಂತಿಕುಮಾರ್ ಕೂತಿದ್ದ. ಅವನ ಬೆರಳು ನೀರಿನ ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುವುತ್ತಿತ್ತು. ಕಣ್ಣು ಜನರ ಸಾಲುಗಳನ್ನು ದಾಟಿ ಬಂದು ಅವಳ ಮೇಲೆ ನಿಂತಿತು. ಪಕ್ಕದಲ್ಲಿದ್ದ ದೊಡ್ಡಮ್ಮನನ್ನು ಕಂಡದ್ದೇ ತಟ್ಟನೆ ಮೈಕಿನ ಕಡೆ ಹೊರಳಿತು. ಗೀತಾಂಜಲಿಗೆ ನಗು ಬಂತು. ಅಭ್ಯಾಸದಂತೆ ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು.

“ಯಾರೇ ಅವ, ಕಡೀ ಕುರ್ಚ್ಯಾಗ?” ದೊಡ್ಡಮ್ಮ ಕೊಟ್ರಬಸಮ್ಮ ಕೇಳಿದಳು.

“ಸಂಶೋಧಕರು ದೊಡ್ಡಮ್ಮ. ಟಿ.ಬಿ. ಬಗ್ಗೆ ಐದು ತಾಲ್ಲೂಕು ತಿರುಗ್ಯಾರ.”

“ನೋಡಾಕ ಚಲೋ ಅದಾನ. ಯಾರ ಪೈಕಿ?”

“ಕಾನಹೊಸಹಳ್ಳಿಯೋರು.”

“ಊರು ಕೇಳಲಿಲ್ಲ ನಾನು.”

ಗೀತಾಂಜಲಿ ವೇದಿಕೆಯ ಕಡೆ ತಿರುಗಿದಳು. ತಾಯಿ ತೀರಿದ ಮೇಲೆ ಅವಳನ್ನು ಸಾಕಿದವಳು ಈ ದೊಡ್ಡಮ್ಮ. ಇವಳು ಹೂಂ ಅಂದರೆ ಕೊಟ್ಟೂರಿನ ತಮ್ಮ ವ್ಯಾಪಾರಸ್ಥರ ಮನೆಯಲ್ಲಿ ಊಹೂಂ ಅನ್ನುವವರಿಲ್ಲ. ಜಾತಿ ಕೇಳುವ ಮೊದಲು ಅವನ ಮಾತು ಕೇಳಲಿ, ದೊಡ್ಡ ದೊಡ್ಡ ಡಾಕ್ಟರುಗಳ ಸಾಲಿನಲ್ಲಿ ಕೂತದ್ದನ್ನು ನೋಡಲಿ, ಆಮೇಲೆ ಹೇಳಿದರಾಯಿತು, ನಾನು ಮದುವೆಯಾಗುವುದು ಇವನನ್ನೇ ಎಂದು. ಇಬ್ಬರೂ ಸೇರಿ ಹೂಡಿದ್ದ ಉಪಾಯ ಅದು.

ಅವರ ಪ್ರೀತಿ ಹುಟ್ಟಿದ್ದು ಕೆಮ್ಮಿನಿಂದ. ಟಿ.ಬಿ. ಎಂದು ಗೊತ್ತಾದಾಗ ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಕೊಟ್ಟೂರಿನಲ್ಲಿ ಗುಳಿಗೆ ತೆಗೆದುಕೊಂಡರೆ ಅಂಗಡಿಗೆ ಬರುವ ಗಿರಾಕಿಗೂ ಸುದ್ದಿ ಮುಟ್ಟುತ್ತದೆಂದು, ಬಿ.ಎಡ್. ಓದುತ್ತಿದ್ದ ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಹೆಸರು ಬರೆಸಿದಳು. ಅಲ್ಲಿ ಸಂಶೋಧನೆಗೆಂದು ರೋಗಿಗಳಿಗೆ ಪ್ರಶ್ನೆ ಕೇಳಲು ಬಂದವನು ಇವನು. ಪ್ರಶ್ನೆ ಮುಗಿದರೂ ಬರುವುದು ಮುಗಿಯಲಿಲ್ಲ.

ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ಹಂಚಿಕೊಂಡು ತಿನ್ನುವಾಗ ಅವಳು ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

“ವೇಲ್ ತಗೀ,” ಅಂದಿದ್ದ ಅವನು. “ಈಗ ನಿನ್ನಿಂದ ಯಾರಿಗೂ ಹತ್ತಂಗಿಲ್ಲ. ಕಫದ ರಿಪೋರ್ಟ್ ನಾನ ನೋಡೀನಿ.”

“ಕಫದ ರಿಪೋರ್ಟ್ ನೋಡಿ ಲವ್ ಮಾಡಿದವ ನೀನೊಬ್ಬನ ಇರಬೇಕು.”

“ಜಾತಕ ನೋಡೂದಕ್ಕಿಂತ ಚಲೋ ಅಲ್ಲೇನು?”

ಆಗಲೂ ಅವಳು ವೇಲು ಸರಿಸಲಿಲ್ಲ. ಆರು ತಿಂಗಳ ಗುಳಿಗೆ ಮುಗಿಯಲಿ, ಬಾಯಿ ತುಂಬ ನಕ್ಕು ತೋರಿಸುತ್ತೇನೆ ಎಂದಿದ್ದಳು. ಗುಳಿಗೆ ಹೋದ ವಾರವಷ್ಟೇ ಮುಗಿದಿದ್ದವು.

ವೇದಿಕೆಯ ಪರದೆಯ ಮೇಲೆ ಅಂಕಿಅಂಶಗಳ ಬಣ್ಣಬಣ್ಣದ ಕಂಬಗಳು ಎದ್ದು ಬಿದ್ದವು. ರೋಗಿಗಳ ಸಹಕಾರದ ಕೊರತೆ ಎಂದರು ಒಬ್ಬರು. ಅರಿವಿನ ಕೊರತೆ ಎಂದರು ಇನ್ನೊಬ್ಬರು. ಕೊರತೆಯೆಲ್ಲ ರೋಗಿಯದೇ, ತಣ್ಣನೆ ಕೋಣೆಯಲ್ಲಿ ಕೂತು ನೀತಿ ಬರೆದವರಿಗೆ ಯಾವ ಕೊರತೆಯೂ ಇದ್ದಂತಿರಲಿಲ್ಲ. ಕ್ರಾಂತಿಯ ಬೆರಳುಗಳಲ್ಲಿ ಮುಚ್ಚಳ ತಿರುಗುವುದು ನಿಂತಿತು. ಸಿಟ್ಟು ಬಂದಿದೆ ಎಂದು ಅವಳಿಗೆ ತಿಳಿಯಿತು. ಸಿಟ್ಟಿನಲ್ಲಿ ಎಷ್ಟು ಚೆಂದ ಕಾಣುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಅವನು ಮೈಕು ಎಳೆದುಕೊಂಡ.

“ಒಬ್ಬಾಕಿ ಹುಡುಗಿ ಅದಾಳ್ರಿ. ಹೆಸರು ಬ್ಯಾಡ, ಊರೂ ಬ್ಯಾಡ. ಓದ್ಯಾಳ, ಅರಿವು ನಮಗಿಂತ ಜಾಸ್ತಿನ ಐತಿ. ಆದ್ರೂ ಮನ್ಯಾಗ ಹೇಳಂಗಿಲ್ಲ. ಟಿ.ಬಿ. ಬಂದಾಕೀನ ಯಾರು ಮಾಡ್ಕೋತಾರ? ಗುಳಿಗಿ ಎಲ್ಲಿಟ್ಟಿದ್ಲು ಗೊತ್ತೇನ್ರಿ? ತೀರಿಹೋದ ಅಜ್ಜಿ ಕೊರಳಾಗ ಲಿಂಗ ಇಟ್ಕೊಂಡು ಕಟ್ಕೋತಿದ್ದ ಬೆಳ್ಳಿ ಕರಡಿಗ್ಯಾಗ. ಲಿಂಗ ಅಜ್ಜಿ ಜೋಡಿ ಮಣ್ಣಿಗೆ ಹೋಗಿತ್ತು, ಕರಡಿಗಿ ದೇವರ ಕೋಣ್ಯಾಗ ಖಾಲಿ ಇತ್ತು. ಅದನ್ನ ಬ್ಯಾಗಿನಾಗ ಹಾಕ್ಕೊಂಡು ತಿರುಗಿದ್ಲು. ಕಂಡ್ರೂ ಯಾರೂ ಬಿಚ್ಚಿ ನೋಡಂಗಿಲ್ಲ ಅನ್ನೂದು ಅಕಿ ಧೈರ್ಯ. ನಮ್ಮ ನೀತಿ ಕೊಡದ ಜಾಗಾ ಅಕಿಗೆ ಆ ಕರಡಿಗಿ ಕೊಡ್ತು.”

ಸಭೆ ಚಪ್ಪಾಳೆ ತಟ್ಟಿತು. ಹೆಸರು, ಊರು ಎರಡನ್ನೂ ಅವನು ಮರೆಮಾಡಿದ್ದ. ಸಂಶೋಧನೆಯ ನಿಯಮ ಕೇಳುವುದು ಅಷ್ಟನ್ನೇ. ಇಂಥ ಊರುಗಳಲ್ಲಿ ಒಂದು ಸಾಮಾನಿನ ಗುರುತು ಸಿಕ್ಕರೆ ಸಾಕು, ಜನ ನೇರ ಮನೆಬಾಗಿಲಿಗೆ ಬರುತ್ತಾರೆ ಎಂಬುದನ್ನು ಇದೇ ಸೀಮೆಯಲ್ಲಿ ಹುಟ್ಟಿದವನು ಮರೆತಿದ್ದ.

“ನಮ್ಮತ್ತಿ ಕರಡಿಗಿ,” ಅಂದಳು ದೊಡ್ಡಮ್ಮ, ಮೆಲ್ಲಗೆ. “ಬ್ಯಾಗ್ ಕೊಡು.”

ಗೀತಾಂಜಲಿ ಕೊಡಲಿಲ್ಲ. ದೊಡ್ಡಮ್ಮನಿಗೆ ಬೇರೆ ಉತ್ತರ ಬೇಕಾಗಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಕ್ರಾಂತಿ ಮುಖದ ತುಂಬ ನಗು ಹೊತ್ತು ಓಡಿಬಂದ. ದೊಡ್ಡಮ್ಮನನ್ನು ನೋಡಿ ಆ ನಗು ಅರ್ಧಕ್ಕೇ ನಿಂತಿತು.

“ನಿನ್ನ ಮಾರಿ ನೋಡಿದ್ರ ಎಲ್ಲಾ ತಿಳೀತೈತಪ್ಪ,” ಅಂದಳು ಆಕೆ. ಆಮೇಲೆ ಗೀತಾಂಜಲಿಯ ಕಡೆ ತಿರುಗಿದಳು. “ಈ ಕರಡಿಗಿ ಮಾಳವ್ವ ಕದ್ದಾಳಂತ ಕೆಲಸ ಬಿಡಿಸಿದ್ವಿ. ಓಣ್ಯಾಗ ನಿಂದ್ರಿಸಿ ಅಕಿ ಗಂಟು ಬಿಚ್ಚಿ ನೋಡಿದ್ವಿ.” ದನಿ ಏರಲಿಲ್ಲ. “ಆತು ಬಿಡು. ಬ್ಯಾನಿ ವಾಸಿ ಆತಲ್ಲ. ಕರಡಿಗಿ ಕರಗಿಸೂಣು. ಮಾಳವ್ವಂದು ಹೆಂಗೈತಿ ಹಂಗ ಇರಲಿ. ಇವನ್ನ ಇಲ್ಲಿಗೇ ಬಿಡು, ನಿನ್ನ ಮಾನ ನಾ ಕಾಯ್ತೀನಿ.”

ಅಷ್ಟು ಹೇಳಿ ಕಾರಿನ ಕಡೆ ನಡೆದಳು.

“ಮಾಳವ್ವ ಯಾರು?” ಕ್ರಾಂತಿ ಕೇಳಿದ.

“ನಮ್ಮ ಮನಿ ಕೆಲಸದಾಕಿ.”

“ಗುಳಿಗಿ ಕಥಿ ಹೇಳಿದಿ. ಇದನ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ನನ್ನ ನೋಡೂ ಕಣ್ಣು ಬ್ಯಾರೆ ಆಗ್ತಿತ್ತು. ಈಗ ಆಗೇತಲ್ಲ, ಹಂಗ.”

ಅವನು ಕಣ್ಣು ತಗ್ಗಿಸಿದ. “ನಮ್ಮವ್ವ ಮಂದಿ ಮನಿ ಮುಸುರಿ ತಿಕ್ಕಿ ನನ್ನ ಓದಿಸ್ಯಾಳ ಗೀತಾ. ಆ ಮನ್ಯಾಗ ಒಂದು ಚಮಚ ಕಾಣದಿದ್ರೂ ಮೊದಲು ಅಕಿ ಸೆರಗು ಜಾಡಿಸ್ತಿದ್ರು.”

“ಅವತ್ತು ನಾ ಮಾಳಿಗಿ ಮ್ಯಾಲೆ ನಿಂತು ಎಲ್ಲಾ ನೋಡಿದೆ. ಬ್ಯಾಗ್ ಹೆಗಲಿಗೇ ಇತ್ತು,” ಅಂದಳು ಗೀತಾಂಜಲಿ. “ನೀನೂ ನನ್ನ ಕೇಳಲಿಲ್ಲ. ನಿನಗಂತ ಹೇಳಿದ್ದನ್ನ ಮೈಕಿಗೆ ಹಾಕಿದಿ.”

“ಕೊರತಿ, ಕೊರತಿ ಅಂತಿದ್ರು. ತಡ್ಕೊಳ್ಳಾಕ ಆಗಲಿಲ್ಲ. ತಪ್ಪಾತು. ವಿಡಿಯೋ ನಾಳಿ ಯೂಟ್ಯೂಬಿಗೆ ಹಾಕ್ತಾರ. ಆ ಭಾಗ ಕತ್ತರಿಸಾಕ ಹೇಳ್ತೀನಿ.”

ಒಳಗೆ ತಜ್ಞರಿಗೆ ಶಾಲು ಹೊದಿಸುತ್ತಿದ್ದರು. ಆ ಚಪ್ಪಾಳೆ ಕೇಳಿ ಅವಳು ಬ್ಯಾಗನ್ನು ಹೆಗಲಿಗೇರಿಸಿದಳು.

“ಕತ್ತರಿಸಬ್ಯಾಡ. ಮಾಳವ್ವ ಕಳ್ಳಿ ಅಲ್ಲ ಅನ್ನಾಕ ಅದೊಂದ ಸಾಕ್ಷಿ. ನಾ ಈಗ ಅಕಿ ಮನಿಗೆ ಹೊಂಟೆ. ಓಣ್ಯಾಗ ನಿಂತು ಹೇಳ್ತೀನಿ. ನಾಳಿ ಮನಿಯೋರು ನನ್ನ ಬಾಯಿ ಮುಚ್ಚಿಸಿದ್ರೂ ವಿಡಿಯೋ ಹೇಳ್ತೈತಿ.”

“ನಾನೂ ಬರ್ತೀನಿ.”

“ನೀ ಬಂದ್ರ, ಹುಡುಗನ್ನ ಕಟ್ಕೊಂಡು ಮನಿ ಮರ್ಯಾದಿ ಕಳದ್ಲು ಅಂತಾರ. ಮಾಳವ್ವನ ಮಾತು ಅಲ್ಲಿಗೇ ಮುಳುಗ್ತೈತಿ.”

“ಆಮ್ಯಾಲೆ?”

“ಆಮ್ಯಾಲೆ ನನ್ನ ನೋಡಿದಾಗೆಲ್ಲ ನಿನಗ ಆ ಓಣಿ ಕಾಣ್ತೈತಿ. ಹೌದಿಲ್ಲೋ?”

ಇಲ್ಲ ಎಂದು ಅವನು ಒಂದು ಸುಳ್ಳು ಹೇಳಬಹುದಿತ್ತು. ಅವಳು ಆ ಸುಳ್ಳಿಗಾಗಿ ಕಾದಳು. ಅವನು ಹೇಳಲಿಲ್ಲ. ಸುಳ್ಳು ಹೇಳಲಾರದವನು ಎಂದೇ ಅಲ್ಲವೇ ತಾನು ಇವನನ್ನು ಮೆಚ್ಚಿದ್ದು ಎಂದು ಅವಳಿಗೆ ಹೊಳೆಯಿತು.

ದೊಡ್ಡಮ್ಮನ ಕಾರಿನ ಬಾಗಿಲು ತೆರೆದೇ ಇತ್ತು. ಅವಳು ಅದನ್ನು ದಾಟಿ ಬಸ್‌ಸ್ಟ್ಯಾಂಡಿಗೆ ನಡೆದಳು. ಅವನು ಪಕ್ಕದಲ್ಲೇ ಬಂದ. ಕೈಗೆ ಕೈ ತಾಗುವಷ್ಟು ಹತ್ತಿರವಿದ್ದರೂ ತಾಗಲಿಲ್ಲ. ಕೊಟ್ಟೂರಿನ ಬಸ್ಸು ಹೊರಡಲು ನಿಂತಿತ್ತು. ಅವಳು ಕಿಟಕಿಯ ಸೀಟು ಹಿಡಿದಳು.

“ಗುಳಿಗಿ ಮುಗದಾವು,” ಅಂದ ಅವನು ಕೆಳಗಿನಿಂದ. “ನಕ್ಕು ತೋರಿಸ್ತೀನಿ ಅಂದಿದ್ದಿ.”

ಗೀತಾಂಜಲಿ ವೇಲನ್ನು ತೆಗೆದು ಮಡಚಿ, ಖಾಲಿ ಕರಡಿಗೆಯಿದ್ದ ಬ್ಯಾಗಿನ ಮೇಲಿಟ್ಟಳು. ತೆರೆದ ಮುಖವನ್ನು ಅವನ ಕಡೆ ತಿರುಗಿಸಿದಳು. ಅವನು ಕತ್ತೆತ್ತಿ ಕಾದ. ಅವಳು ತುಟಿ ಬಿಚ್ಚಿದಳು, ನಗು ಬರಲಿಲ್ಲ. ಬಸ್ಸು ತಿರುವು ತೆಗೆದುಕೊಳ್ಳುವಾಗಲೂ ಅವನು ಹಾಗೇ ಕತ್ತೆತ್ತಿ ನಿಂತಿದ್ದ.