ಗೇಟಿಗೆ ಸಿಗಿಸಿದ ಚೀಲ

ಒಂದು ನಿಮಿಷ... ಸ್ಕ್ರಾಲ್ ಮಾಡಿ ಮುಂದೆ ಹೋಗಬೇಡಿ! ರಿಮ್ಶಾಳ ಕಥೆಯನ್ನು ಪೂರ್ತಿ ಕೇಳಿಸಿಕೊಳ್ಳಿ. ಯಾಕೆಂದರೆ ಕೊನೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳುವುದಿದೆ.

"ಸೂಜಿ ನೋಡ್ಬೇಡಿ. ನನ್ನ ನೋಡಿ."

ಅವನು ಹಾಗೆಂದ. ರಿಮ್ಶಾ ನೋಡಿಯೇಬಿಟ್ಟಳು. ಅಷ್ಟೇ... ಮುಗಿಯಿತು ಅವಳ ಕಥೆ!

ಅದು ಶಿವಾಜಿನಗರದ ಗಲ್ಲಿಯಲ್ಲಿರುವ ಅವಳ ಮನೆಯ ಕೆಳಗಿನ ಕೋಣೆ. ಅಲ್ಲಿ ಅವಳ ಅಮ್ಮಿ ಕಮರುನ್ನೀಸಾ ಮತ್ತು ಹನ್ನೊಂದು ಹೆಂಗಸರು ಟೈಲರ್ ಅಂಗಡಿಗಳಲ್ಲಿ ಉಳಿದ ಬಟ್ಟೆಯ ತುಂಡುಗಳನ್ನು ಜೋಡಿಸಿ ಚೀಲ ಹೊಲಿಯುತ್ತಾರೆ. ಇಂದಿರಾನಗರದ 'ಓದುಬುತ್ತಿ' ಆನ್‌ಲೈನ್ ಪುಸ್ತಕದಂಗಡಿಯ ಪುಸ್ತಕಗಳು ಗ್ರಾಹಕರ ಮನೆಗೆ ಹೋಗುವುದು ಅದೇ ಚೀಲಗಳಲ್ಲಿ. ಅಲ್ಲಿ ಪ್ಲಾಸ್ಟಿಕ್ ಇಲ್ಲ. ಮುಂದಿನ ಪುಸ್ತಕ ಬಂದಾಗ ಹಳೆಯ ಚೀಲ ವಾಪಸ್ ಕೊಡಬೇಕು.

ರಿಮ್ಶಾ ಅದೇ ಓದುಬುತ್ತಿಯಲ್ಲಿ 'ಶುಕ್ರವಾರದ ಓಲೆ' ಬರೆಯುವವಳು. ಹೊಸ ಪುಸ್ತಕ ಯಾವುದು, ಯಾರು ಏನು ಓದುತ್ತಿದ್ದಾರೆ ಎಂಬ ಸುದ್ದಿ ಪ್ರತಿ ಶುಕ್ರವಾರ ಹನ್ನೊಂದು ಸಾವಿರ ಜನರಿಗೆ ಈಮೇಲಿನಲ್ಲಿ ಹೋಗುತ್ತದೆ.

ಆ ಭಾನುವಾರ ಕಂಪನಿಯ ಕಡೆಯಿಂದ ಹೊಲಿಯುವ ಹೆಂಗಸರಿಗೆ ರಕ್ತಪರೀಕ್ಷೆ. "ಮೊದ್ಲು ನಿಮ್ಮ ಮಗಳು ಚುಚ್ಚಿಸ್ಕೊಳ್ಳಲಿ, ಆಮೇಲೆ ನಾವು" ಎಂದು ಎಲ್ಲರೂ ಹಟ ಹಿಡಿದರು. ರಿಮ್ಶಾಳಿಗೆ ಸೂಜಿ ಕಂಡರೆ ಜೀವವೇ ಹೋಗುತ್ತದೆ. ಲ್ಯಾಬಿನಿಂದ ಬಂದವನ ಹೆಸರು ಮುನೀರ್.

"ಈಗ ಯಾವ ಪುಸ್ತಕ ಓದ್ತಿದೀರಾ? ಹೇಳಿ" ಎಂದ.

"ಅದು... ಒಂದು ರೈಲ್ವೆ ಗೇಟು. ಗೇಟ್ ಹಾಕೋಳು ಒಬ್ಬಳು ಇರ್ತಾಳೆ. ದಿನಾ ಬೆಳಗ್ಗೆ ರೈಲಿಂದ ಒಬ್ಬ ಕೈ ಬೀಸ್ತಾನೆ. ಮಾತಿಲ್ಲ, ಏನಿಲ್ಲ. ಒಂದಿನ ರೈಲು ಬರುತ್ತೆ... ಅವನು ಇರಲ್ಲ..."

"ಆಮೇಲೆ?"

"ಆಮೇಲೆ... ಅಯ್ಯೋ, ಚುಚ್ತೀರಾ?"

"ತಗೊಂಡಾಯ್ತು ರೀ!"

"ಆಯ್ತಾ?!"

"ರಕ್ತ ಆಯ್ತು. ಕಥೆ ಆಗ್ಲಿಲ್ಲ" ಎಂದು ನಕ್ಕ. ಅವಳ ಮೊಣಕೈಗೆ ಬಿಳಿ ಟೇಪು ಅಂಟಿಸಿ, ಅದರ ಮೇಲೆ ಪೆನ್ನಿನಿಂದ 'ಧೈರ್ಯವಂತೆ' ಎಂದು ಬರೆದ. ಹೆಂಗಸರೆಲ್ಲ ಬಾಯಿಗೆ ಸೆರಗು, ದುಪಟ್ಟಾ ಒತ್ತಿಕೊಂಡು ನಕ್ಕರು.

ಆ ಟೇಪನ್ನು ಅವಳು ಎಸೆಯಲಿಲ್ಲ. ಡೈರಿಯಲ್ಲಿ ಅಂಟಿಸಿಟ್ಟಳು. ಹುಚ್ಚಿ!

ಮುಂದಿನ ಶುಕ್ರವಾರ ಓಲೆ ಹೋದ ಅರ್ಧ ಗಂಟೆಗೆ ಒಂದು ಉತ್ತರ ಬಂತು, ಓಲೆಗೆ ಹೊಸದಾಗಿ ಸೇರಿದ ಓದುಗನಿಂದ. 'ರೈಲ್ವೆ ಗೇಟಿನವಳು ಏನ್ಮಾಡಿದಳು? ಇಂತಿ, ಮುನೀರ್.'

ಅವಳು ಹೇಳಲಿಲ್ಲ. ಹೇಳಿದರೆ ಮತ್ತೆ ಕೇಳುವುದಿಲ್ಲವಲ್ಲ! ಹಾಗೇ ಐದು ತಿಂಗಳು ಕಳೆಯಿತು. ಪ್ರತಿ ಶುಕ್ರವಾರ ಅವನದೊಂದು ಉತ್ತರ, ಕೊನೆಗೆ ಅದೇ ಪ್ರಶ್ನೆ. ಇಬ್ಬರ ಮನೆಯಲ್ಲೂ ಆಡುವುದು ದಖ್ಖನಿ. ಆದರೆ ಅವರಿಬ್ಬರ ನಡುವಿನ ಭಾಷೆ ಮಾತ್ರ ಆ ಸೂಜಿಯ ದಿನ ಶುರುವಾದ ಕನ್ನಡವೇ ಆಗಿ ಉಳಿಯಿತು.

ಒಂದು ಗುರುವಾರ ಅವನು ಬರೆದ. 'ಈ ಶನಿವಾರ ಬೆಳಗ್ಗೆ ಏಳಕ್ಕೆ ಹಲಸೂರು ಮೆಟ್ರೋ ಹತ್ರ ಬರ್ತೀರಾ? ನಿಮಗೊಂದು ತೋರಿಸ್ಬೇಕು.'

ಬರ್ತೀನಿ ಅಂದಳು. ಮನಸ್ಸು ಆಗಲೇ ಹೋಗಿ ನಿಂತಿತ್ತು!

ಆದರೆ ಅದೇ ಮಧ್ಯಾಹ್ನ ಓದುಬುತ್ತಿಯ ಮ್ಯಾನೇಜರ್ ಶಿಶಿರ್ ಕರೆದ. "ರಿಮ್ಶಾ, ಚೀಲ ವಾಪಸ್ ಬರ್ತಾನೇ ಇಲ್ಲ. ಪ್ರತಿ ಪುಸ್ತಕಕ್ಕೂ ಹೊಸದು ಹೊಲಿಸಕ್ಕಾಗಲ್ಲ. ಹಿಂಗೇ ಆದ್ರೆ ಮುಂದಿನ ತಿಂಗಳಿಂದ ಪ್ಲಾಸ್ಟಿಕ್ ಕವರ್ರೇ ಗತಿ. ನೋಡು, ದೊಮ್ಮಲೂರಲ್ಲಿ ಅಲಮೇಲು ಅಂತ, ಇವರೊಬ್ಬರ ಹತ್ರನೇ ಮೂವತ್ತೆಂಟು ಚೀಲ ಇದೆ!"

ರಿಮ್ಶಾಳ ಕಣ್ಣ ಮುಂದೆ ಅಮ್ಮಿಯ ಬೆರಳುಗಳು ಬಂದವು. ಹನ್ನೆರಡು ಹೆಂಗಸರ ಕೆಲಸ! ಸಿಟ್ಟಿನಲ್ಲಿ ಬರೆದಳು. 'ದೊಮ್ಮಲೂರಿನ ಒಬ್ಬ ಗ್ರಾಹಕರು ಮೂವತ್ತೆಂಟು ಚೀಲ ಇಟ್ಟುಕೊಂಡು ಕೂತಿದ್ದಾರೆ. ಅಂಗಡಿ ತೆರೆಯುತ್ತಾರೋ ಏನೋ! ಪುಸ್ತಕ ಓದಲು ಬರುತ್ತದೆ, ಹೊಲಿದವರ ಕಷ್ಟ ಓದಲು ಬರುವುದಿಲ್ಲ.' ಹೆಸರು ಹಾಕಲಿಲ್ಲ. ಶುಕ್ರವಾರ ಓಲೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟುವ ಚಿತ್ರ ಕಳಿಸಿದರು.

ಮುನೀರ್ ಮಾತ್ರ ಉತ್ತರಿಸಲಿಲ್ಲ.

ನಾಳೆ ಸಿಗ್ತೀವಲ್ಲ, ಅದಕ್ಕೇ ಇರಬೇಕು ಅಂದುಕೊಂಡಳು.

ಶನಿವಾರ ಏಳಕ್ಕೆ ಮೆಟ್ರೋ ಮೆಟ್ಟಿಲ ಬಳಿ ನಿಂತಳು. ಎಂಟಾಯಿತು. ಒಂಬತ್ತಾಯಿತು. ಹೂವಿನವಳು ಎರಡು ಸಲ ಕೇಳಿದಳು, "ಯಾರಿಗಮ್ಮಾ ಕಾಯ್ತಿದೀಯ?"

ಯಾರಿಗೆ...? ಹೇಳಲು ಅವನು ಅವಳಿಗೆ ಏನಾಗಬೇಕು?

ಅವಳೂ ಮೆಸೇಜು ಮಾಡಲಿಲ್ಲ. ಬರದೇ ಇದ್ದವನು ಅವನು, ಅವನೇ ಹೇಳಲಿ ಎಂಬ ಹಟ. ಒಂದು ಶುಕ್ರವಾರ ಕಳೆಯಿತು. ಎರಡು, ಮೂರು... ಓಲೆ ಕಳಿಸಿದ ಮೇಲೆ ಅರ್ಧ ಗಂಟೆ ಅವಳು ಸೀಟಿನಿಂದ ಏಳುತ್ತಲೇ ಇರಲಿಲ್ಲ. ಬೇರೆಯವರ ಉತ್ತರಗಳು ಬರುತ್ತಿದ್ದವು. ಪ್ರತಿ ಸಲ ಫೋನ್ ಟಿಂಗ್ ಎಂದಾಗ ಕೈಗೆತ್ತಿಕೊಳ್ಳುತ್ತಿದ್ದಳು, ಮತ್ತೆ ಕೆಳಗಿಡುತ್ತಿದ್ದಳು. ರೈಲು ಬರುತ್ತಿತ್ತು, ಕೈ ಬೀಸುವವನು ಇರಲಿಲ್ಲ! ಆ ಕಾದಂಬರಿಯ ಕೊನೆಯ ಅಧ್ಯಾಯವನ್ನು ಅವಳೂ ಓದಿರಲಿಲ್ಲ ಎಂಬುದು ನಿಮಗೆ ಗೊತ್ತಿರಲಿ. ಓದಲು ಭಯ.

ನಾಲ್ಕನೆಯ ವಾರ ಅಮ್ಮಿಯ ಕೋಣೆಗೆ ಒಂದು ರಟ್ಟಿನ ಡಬ್ಬ ಬಂತು. ಒಳಗೆ ಮೂವತ್ತೆಂಟು ಚೀಲ. ಒಂದೊಂದನ್ನೂ ಇಸ್ತ್ರಿ ಮಾಡಿ ಮಡಿಸಲಾಗಿತ್ತು. ಚೀಟಿ, ಹೆಸರು ಏನೂ ಇಲ್ಲ.

"ನೋಡು ಅಮ್ಮಿ! ಬೈದಿದ್ದಕ್ಕೇ ಬಂತು!" ಎಂದಳು ರಿಮ್ಶಾ.

ಕಮರುನ್ನೀಸಾ ಕನ್ನಡಕ ಏರಿಸಿ ಒಂದು ಚೀಲದ ಹಿಡಿಕೆಯನ್ನು ತಿರುಗಿಸಿ ನೋಡಿದರು. "ಅರೆ ಬೇಟಾ, ಇದು ಬೀರೂಲಿ ಇಟ್ಟಿದ್ದ ಥೈಲಿ ಅಲ್ಲ. ಎಲ್ಲಾದ್ರಲ್ಲೂ ತುಕ್ಕಿನ ಕಲೆ ನೋಡು. ಯಾರೋ ಕಬ್ಬಿಣದ ಗೇಟಿಗೆ ತೂಗು ಹಾಕಿದಾರೆ... ದಿನಾ."

ಇನ್ನೊಂದನ್ನು ಒಳಗು ಹೊರಗು ಮಾಡಿದರು. ಮೂಲೆಯಲ್ಲಿ ಬಿಳಿ ಟೇಪಿನ ಒಂದು ತುಂಡು ಕೀಳಲು ಮರೆತು ಉಳಿದಿತ್ತು. ಅದರ ಮೇಲೆ ಪೆನ್ನಿನಲ್ಲಿ, 'ಹಂಪಣ್ಣ, ಕಗ್ಗದಾಸಪುರ. ದೊಡ್ಡ ಅಕ್ಷರದ ಪುಸ್ತಕ ಬೇಕು.'

ರಿಮ್ಶಾ ಡೈರಿ ತೆರೆಯುವ ಅಗತ್ಯವೇ ಇರಲಿಲ್ಲ. 'ಧೈರ್ಯವಂತೆ'ಯ ಆ ಅಕ್ಷರ ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಅಲ್ಲಾಹ್... ನಾನು ಬೈದಿದ್ದು ಇವನನ್ನಾ?!

ಡಬ್ಬ ಎತ್ತಿಕೊಂಡು ಆಟೋ ಹತ್ತಿದಳು. ದೊಮ್ಮಲೂರಿನಲ್ಲಿ ಬಾಗಿಲು ತೆರೆದ ಅಲಮೇಲು ವಿಮಾ ಕಂಪನಿಯಿಂದ ರಿಟೈರ್ ಆದ ಎಪ್ಪತ್ತೆರಡರ ಹೆಂಗಸು. ವಿಷಯ ಕೇಳಿ ಬೈಯಲಿಲ್ಲ. ಕೂರಿಸಿ ಕಾಫಿ ಕೊಟ್ಟರು.

"ಪುಸ್ತಕ ತರಿಸೋದು ನಾನಮ್ಮಾ. ಓದಾದ್ಮೇಲೆ ಬೀರೂಲಿಟ್ಟು ಪೂಜೆ ಮಾಡ್ಲಾ? ಮುನೀರು ದಿನಾ ಬೆಳಗ್ಗೆ ರಕ್ತ ತಗೊಳ್ಳೋಕೆ ಮನೆಮನೆಗೆ ಹೋಗ್ತಾನೆ. ಎಲ್ಲಾ ನನ್ನಂಥ ಮುದುಕರು, ಹೊರಗೆ ಹೋಗೋಕಾಗದೋರು. ಅವರಿಗೆ ಕೊಟ್ಬರ್ತಾನೆ. ಓದಿ ಮುಗಿದ್ರೆ ಪುಸ್ತಕ ಚೀಲಕ್ಕೆ ಹಾಕಿ ಗೇಟಿಗೆ ಸಿಗಿಸ್ಬೇಕು. ಹಾದುಹೋಗ್ತಾ ನೋಡಿದ್ರೆ ಸಾಕು, ಬೇರೆ ಪುಸ್ತಕ ಕೊಡ್ತಾನೆ."

"ಅವರು ಒಂದ್ಸಲಾನೂ ಹೇಳ್ಲಿಲ್ಲ..."

"ಹೇಳ್ಬಾರ್ದು, ತೋರಿಸ್ಬೇಕು ಅಂತಿದ್ದ! ಆ ಶನಿವಾರ ಹೊಸ ಶರ್ಟು ಹಾಕ್ಕೊಂಡು ಬಂದಿದ್ದ. 'ಒಬ್ಬರನ್ನ ಕರ್ಕೊಂಡ್ಬರ್ತೀನಿ, ಕಾಫಿ ಮಾಡಿಡಿ ಅಮ್ಮಾ' ಅಂದ. ಆಮೇಲೆ ಫೋನಲ್ಲಿ ನಿನ್ನ ಕಾಗದ ನೋಡಿದ, ಶುಕ್ರವಾರ ಕೆಲಸದಲ್ಲಿ ನೋಡೋಕೇ ಆಗಿರ್ಲಿಲ್ವಂತೆ. ಅಗೋ, ಆ ಮೆಟ್ಟಿಲ ಮೇಲೆ ಕೂತ್ಬಿಟ್ಟ. 'ಅವರು ಬರೆದಿದ್ದು ಸರಿ ಅಮ್ಮಾ, ಅವರ ಅಮ್ಮಿ ಕೆಲಸ ಹೋಗ್ತಿದೆ, ನನ್ನಿಂದಾನೇ' ಅಂದ. ಒಂದೊಂದು ಮನೆಗೂ ಹೋಗಿ ಕೈಮುಗಿದು ಚೀಲ ತಂದ."

ರಿಮ್ಶಾ ಕಾಫಿ ಲೋಟ ಕೆಳಗಿಟ್ಟಳು.

"ಈಗ ಪುಸ್ತಕ ಎಲ್ಲಿದ್ಯೋ ಅಲ್ಲೇ ನಿಂತಿದೆ. ಹಂಪಣ್ಣನವರಿಗೆ ಗಂಟಲು ಆಪರೇಷನ್ ಆಗಿ ಮಾತಿಲ್ಲ, ಫೋನ್ ಮಾಡಿ ಮುಗೀತು ಅನ್ನೋಕಾಗಲ್ಲ. ಪುಸ್ತಕ ಹಿಡ್ಕೊಂಡು ಗೇಟಲ್ಲೇ ನಿಂತಿರ್ತಾರಂತೆ."

ಅಲಮೇಲು ಅವಳ ಗಲ್ಲ ಎತ್ತಿದರು. "ಅವನಿಗೆ ಫೋನ್ ಮಾಡ್ಲಾ?"

"ಬೇಡ ಅಮ್ಮಾ. ಬೈದಿದ್ದು ಹನ್ನೊಂದು ಸಾವಿರ ಜನರ ಮುಂದೆ. ಸಾರಿ ಮಾತ್ರ ಕಿವೀಲಿ ಹೇಳಿದ್ರೆ ಹೆಂಗೆ?" ಡಬ್ಬವನ್ನು ಅಲ್ಲೇ ಇಟ್ಟಳು. "ಇದನ್ನ ಅವರಿಗೇ ಕೊಟ್ಬಿಡಿ."

ಶಿಶಿರ್ ತಲೆ ಹಿಡಿದುಕೊಂಡ. "ಒಳ್ಳೇ ಕಂಪನಿ ಅಂತ ಎಲ್ಲಾ ಕಡೆ ಬರ್ಕೊಂಡಿದೀವಿ. ಈಗ ನಾವೇ ತಪ್ಪು ಮಾಡಿದ್ವಿ ಅಂತ ಪಬ್ಲಿಕ್ಕಾಗಿ ಹೇಳೋದಾ?"

"ತಪ್ಪು ಪಬ್ಲಿಕ್ಕಾಗೇ ಮಾಡಿದ್ದು ಸರ್. ಕಳಿಸ್ಬೇಡಿ ಅಂದ್ರೆ ಮುಂದಿನ ವಾರದಿಂದ ಓಲೆ ನೀವೇ ಬರ್ಕೊಳ್ಳಿ."

ಶಿಶಿರ್ ಅವಳ ಮುಖ ನೋಡಿದ. "ಕಳಿಸು ತಾಯಿ" ಎಂದ.

ಆ ಶುಕ್ರವಾರದ ಓಲೆಯಲ್ಲಿ ಹೊಸ ಪುಸ್ತಕದ ಸುದ್ದಿ ಇರಲಿಲ್ಲ. ಮೂವತ್ತೆಂಟು ಗೇಟುಗಳ ಸುದ್ದಿ ಇತ್ತು. 'ವಿಚಾರಿಸದೆ ಬರೆದೆ. ಓದಲು ಬಾರದವಳು ನಾನೇ' ಎಂದಿತ್ತು. ಕೊನೆಯಲ್ಲಿ ಒಂದು ಸಾಲು: 'ಶಿವಾಜಿನಗರದ ಒಂದು ಗೇಟಿಗೂ ಚೀಲ ಸಿಗಿಸಿದೆ. ಅದು ಯಾರಿಗೆ ಎಂದು ಅವರಿಗೆ ಗೊತ್ತು.'

ಓದುಗರ ಮನೆಯ ಮೂಲೆಗಳಲ್ಲಿ ಬಿದ್ದಿದ್ದ ಚೀಲಗಳು ಮೂಟೆಗಟ್ಟಲೆ ವಾಪಸ್ ಬಂದವು! ಪ್ಲಾಸ್ಟಿಕ್ಕಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅಮ್ಮಿಯ ಕೋಣೆಯಲ್ಲಿ ಮಿಷಿನ್ನುಗಳು ಓಡುತ್ತಲೇ ಇದ್ದವು.

ಅವನು ಮಾತ್ರ ಬರಲಿಲ್ಲ.

ಶನಿವಾರ ಇಲ್ಲ. ಭಾನುವಾರ ಇಲ್ಲ. ಸೋಮವಾರ ಎದುರಿನ ಟೀ ಅಂಗಡಿಯ ಚಾಂದ್ ಪಾಷಾ ಚೀಲ ಬಿಚ್ಚಿ ತಂದು ಕೊಟ್ಟರು. "ಬೇಟಾ, ಥೈಲಿ ಮರೆತ್ಬಿಟ್ಟಿದೀಯ. ಕಾಲ ಸರಿ ಇಲ್ಲ."

"ಮರೆತಿಲ್ಲ ಚಾಚಾ... ಕಾಯ್ತಿದೀನಿ" ಎಂದು ಮತ್ತೆ ಸಿಗಿಸಿದಳು. ಅವರಿಗೇನೂ ಅರ್ಥವಾಗಲಿಲ್ಲ. ಆದರೆ ಅಂದಿನಿಂದ ಆ ಚೀಲಕ್ಕೆ ಅವರೇ ಕಾವಲು!

ಬೆಳಗ್ಗೆ ಸ್ಕೂಟರ್ ಸದ್ದಾದರೆ ಸಾಕು, ಮೇಲಿನ ಕಿಟಕಿ ತೆರೆಯುತ್ತಿತ್ತು. ಹಾಲಿನವನು. ಕೋಳಿ ಅಂಗಡಿಯವನು. ಮತ್ತೆ ಹಾಲಿನವನು...

ಹತ್ತನೆಯ ದಿನ ಅವಳು ಕಿಟಕಿ ತೆರೆಯಲೇ ಇಲ್ಲ. ಸಾಕು ಅನ್ನಿಸಿತ್ತು. ಚೀಲ ಬಿಚ್ಚಿ ತರೋಣವೆಂದು ಕೆಳಗಿಳಿದಳು.

ಗೇಟಿನ ಆಚೆ ಮುನೀರ್ ನಿಂತಿದ್ದ. ಕೈಯಲ್ಲಿ ಅವಳ ಚೀಲ. ಚೀಲದೊಳಗಿದ್ದ ರೈಲ್ವೆ ಗೇಟಿನ ಕಾದಂಬರಿ ಹೊರಗೆ ಬಂದಿತ್ತು. ಮೈಮೇಲೆ ಹೊಸ ಶರ್ಟು, ಅದೇ ಇರಬೇಕು!

ರಿಮ್ಶಾ ಎರಡೇ ಹೆಜ್ಜೆಗೆ ಗೇಟಿನ ಹತ್ತಿರ ಬಂದಳು.

"ಹತ್ತು ದಿನ!" ಎಂದಳು.

"ಮೊದ್ಲು ಮೂವತ್ತೆಂಟು ಗೇಟಿಗೆ ಚೀಲ ಮುಟ್ಟಿಸ್ಬೇಕಿತ್ತು. ನಿಮ್ಮ ಗೇಟು ಕೊನೇದು."

"ಯಾಕೆ ಕೊನೇದು?"

"ಇಲ್ಲಿಗೆ ಬಂದ್ಮೇಲೆ ಮುಂದಕ್ಕೆ ಹೋಗೋ ಮನಸ್ಸಾಗಲ್ಲ ಅಂತ ಗೊತ್ತಿತ್ತು."

ರಿಮ್ಶಾ ಗೇಟಿನ ಕಂಬಿ ಹಿಡಿದುಕೊಂಡಳು. "ಬೈದಿದ್ದಕ್ಕೆ ಸಿಟ್ಟಿಲ್ವಾ?"

"ಇತ್ತು. ನಿಮ್ಮ ಮೇಲಲ್ಲ. ಮೆಟ್ರೋ ಹತ್ರ ನಿಮ್ಮನ್ನ ಕಾಯಿಸಿದ್ದಕ್ಕೆ, ನನ್ನ ಮೇಲೆ. ಪ್ರತಿ ಶುಕ್ರವಾರ ಓಲೆ ಓದ್ತಿದ್ದೆ, ಉತ್ತರ ಬರೀತಿದ್ದೆ. ಕಳಿಸೋಕೆ ಮುಖ ಇರ್ಲಿಲ್ಲ." ಅವನು ಪುಸ್ತಕ ತಿರುಗಿಸಿದ. ಕೊನೆಯ ಪುಟಗಳ ಹತ್ತಿರ ಗುರುತಿನ ದಾರ ಇತ್ತು. "ಇದೇನ್ರೀ, ಮುಗಿಸೇ ಇಲ್ಲ? ಓದಿ ಮುಗಿದ್ರೆ ತಾನೇ ಗೇಟಿಗೆ ಹಾಕೋದು?"

"ಕೊನೇ ಅಧ್ಯಾಯ ಒಬ್ಬಳೇ ಓದೋಕೆ ಧೈರ್ಯ ಬರ್ಲಿಲ್ಲ."

"ನೀವು ಧೈರ್ಯವಂತೆ ಅಲ್ವಾ? ನಾನೇ ಬರೆದುಕೊಟ್ಟಿದ್ದೆ!"

ಅವಳು ಅಳುತ್ತಲೇ ನಕ್ಕಳು. ಗೇಟಿನ ಚಿಲಕ ತೆಗೆದಳು. "ಒಳಗ್ ಬಾ... ನೀನೇ ಓದು. ನಾನು ಕೇಳ್ತೀನಿ."

"ಅವನು ವಾಪಸ್ ಬರದೇ ಇದ್ರೆ?"

"ಆ ಕಥೇಲಿ ಬರದೇ ಇದ್ರೆ ಇರ್ಲಿ. ನನ್ನವನು ಬಂದಿದಾನಲ್ಲ."

ಎದುರಿನ ಟೀ ಅಂಗಡಿಯಿಂದ ಚಾಂದ್ ಪಾಷಾ ಕೂಗಿದರು. "ಬೇಟಾ! ಥೈಲಿ ತಗೊಂಡ್ಹೋಗ್ತಿದಾನೆ ನೋಡು!"

"ತಗೊಂಡ್ಹೋಗ್ಲಿ ಬಿಡಿ ಚಾಚಾ!"

ಈಗ ಹೇಳಿ... ಉತ್ತರವೇ ಬಾರದ ಆ ಹತ್ತು ದಿನ, ನೀವಾಗಿದ್ದರೆ ಫೋನ್ ಮಾಡಿಬಿಡುತ್ತಿದ್ದಿರಾ, ಇಲ್ಲಾ ಗೇಟಿಗೆ ಚೀಲ ಸಿಗಿಸಿ ಪ್ರತಿ ಬೆಳಗ್ಗೆ ಕಾಯುತ್ತಿದ್ದಿರಾ?